ಪ್ಲೇಟು ಉಳಿಸಿದ ಕಾಲುಗಳು

ಒಂದು ಗ್ರಾಮಾಫೋನ್ ಪ್ಲೇಟು. ಅಗಲ ಏಳು ಇಂಚು. ಅದರಲ್ಲಿರೋದು ಎರಡೂವರೆ ನಿಮಿಷದ ಒಂದು ಹಾಡು. 2020ರಲ್ಲಿ ಅದು ಇಂಗ್ಲೆಂಡಿನಲ್ಲಿ ಮಾರಾಟವಾಯ್ತು. ಬೆಲೆ ಎಷ್ಟು ಗೊತ್ತಾ? 1 ಲಕ್ಷ ಪೌಂಡ್! ನಮ್ಮ ದುಡ್ಡಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ಕೋಟಿ. ಆ ದುಡ್ಡಿಗೆ ಶಿವಮೊಗ್ಗದ ವಿದ್ಯಾನಗರದಲ್ಲಿ ಮನೆ ತಗೊಂಡು, ಗೃಹಪ್ರವೇಶಕ್ಕೆ ನೆಂಟರಿಷ್ಟರಿಗೆಲ್ಲ ಊಟ ಹಾಕಿಸಬಹುದಿತ್ತು.

ಅದೇನು ಚಿನ್ನದ ಪ್ಲೇಟಾ? ಅಲ್ಲ. ಹಾಡಿದವರು ಜಗತ್ಪ್ರಸಿದ್ಧ ಗಾಯಕರಾ? ಅದೂ ಅಲ್ಲ. ಕಂಪನಿಯೇ ಬೇಡ ಅಂತ ನಾಶ ಮಾಡಿಸಿದ ಹಾಡು ಅದು. ಹಾಗಾದರೆ ಅದಕ್ಕೆ ಕೋಟಿ ಬೆಲೆ ಕಟ್ಟಿದವರು ಯಾರು? ಕಲ್ಲಿದ್ದಲು ಗಣಿ, ಬಟ್ಟೆ ಗಿರಣಿಯ ಊರುಗಳಲ್ಲಿ ವಾರವಿಡೀ ದುಡಿದು, ಶನಿವಾರ ರಾತ್ರಿ ಬೆಳಗಾಗುವವರೆಗೆ ಕುಣಿದ ಹುಡುಗ ಹುಡುಗಿಯರು. ಈ ಕಥೆಯನ್ನು ಶಿವಮೊಗ್ಗ-ಭದ್ರಾವತಿಯವರು ಕೇಳಲೇಬೇಕು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಆ ಹಾಡಿನ ವಿಷಯ. ಅಮೆರಿಕದ ಡಿಟ್ರಾಯಿಟ್ ನಗರ. ಮೋಟಾರು ಕಾರುಗಳ ಊರು. ಅಲ್ಲಿ 1959ರಲ್ಲಿ ಬೆರ್ರಿ ಗಾರ್ಡಿ ಅನ್ನೋ ಕಪ್ಪು ಯುವಕ ಒಂದು ಸಂಗೀತ ಕಂಪನಿ ಶುರು ಮಾಡಿದ. ಮುಂದೆ ಮೋಟೌನ್ ಅಂತ ಪ್ರಪಂಚಕ್ಕೆಲ್ಲ ಗೊತ್ತಾದ ಕಂಪನಿ. ಗಾರ್ಡಿ ಅದಕ್ಕೂ ಮೊದಲು ಫೋರ್ಡ್ ಕಂಪನಿಯ ಕಾರು ಜೋಡಣೆ ಸಾಲಿನಲ್ಲಿ ಕೆಲಸ ಮಾಡಿದ್ದವನು. ಕಪ್ಪು ಜನರ ಚರ್ಚುಗಳಲ್ಲಿ ಕೇಳಿಬರುತ್ತಿದ್ದ ಆವೇಶದ ಪ್ರಾರ್ಥನಾಗೀತೆ, ಬೀದಿಯ ತಾಳ, ಪ್ರೀತಿ-ವಿರಹದ ಮಾತು, ಇವೆಲ್ಲ ಸೇರಿ ಹುಟ್ಟಿದ್ದು ಸೋಲ್ ಸಂಗೀತ. ಸೋಲ್ ಅಂದರೆ ಆತ್ಮ. ಹೆಸರಿಗೆ ತಕ್ಕ ಹಾಗೆ ಒಳಗಿನಿಂದ ಬಂದ ಹಾಡು.

1965ರಲ್ಲಿ ಆ ಕಂಪನಿಗಾಗಿ ಫ್ರಾಂಕ್ ವಿಲ್ಸನ್ ‘ಡೂ ಐ ಲವ್ ಯೂ’ ಅನ್ನೋ ಹಾಡು ಹಾಡಿದ. ಪ್ರಚಾರಕ್ಕೆಂದು ಒಂದಿಷ್ಟು ಪ್ಲೇಟುಗಳನ್ನು ಒತ್ತಿಸಿದ್ದೂ ಆಯ್ತು. ಅಷ್ಟರಲ್ಲಿ ವಿಲ್ಸನ್ ಹಾಡುಗಾರಿಕೆ ಬಿಟ್ಟು ಹಾಡು ತಯಾರಿಸುವ ನಿರ್ಮಾಪಕನಾಗುವ ದಾರಿ ಹಿಡಿದ. ಬಿಡುಗಡೆ ರದ್ದು. ಒತ್ತಿದ್ದ ಪ್ಲೇಟುಗಳೂ ನಾಶವಾದವು. ಬೆರಳೆಣಿಕೆಯಷ್ಟು ಮಾತ್ರ ಎಲ್ಲೋ ಉಳಿದುಕೊಂಡವು. ಹತ್ತು ಹನ್ನೆರಡು ವರ್ಷಗಳ ಮೇಲೆ ಅದರಲ್ಲೊಂದು ಸಮುದ್ರ ದಾಟಿ ಇಂಗ್ಲೆಂಡಿಗೆ ಬಂತು. ಬಂದ ಮೇಲೆ ನಡೆದದ್ದೇ ಬೇರೆ ಕಥೆ.

ಇಂಗ್ಲೆಂಡ್ ಅಂದ ಕೂಡಲೇ ನಮಗೆ ಲಂಡನ್ ನೆನಪಾಗುತ್ತೆ. ರಾಣಿ, ಅರಮನೆ, ಬಿಗ್ ಬೆನ್. ಆದರೆ ಉತ್ತರ ಇಂಗ್ಲೆಂಡ್ ಬೇರೆಯದೇ ಲೋಕ. ಮ್ಯಾಂಚೆಸ್ಟರ್, ವಿಗನ್, ಬೋಲ್ಟನ್... ಹತ್ತಿ ಗಿರಣಿ, ಕಲ್ಲಿದ್ದಲು, ಹೊಗೆ, ಮಸಿ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1937ರಲ್ಲಿ ವಿಗನ್ ಹೆಸರಿಟ್ಟೇ ಒಂದು ಪುಸ್ತಕ ಬರೆದು, ಅಲ್ಲಿನ ಗಣಿ ಕಾರ್ಮಿಕರ ಬಡತನವನ್ನು ಜಗತ್ತಿಗೆ ತೋರಿಸಿದ. ಅಂಥ ಊರುಗಳ ಮಕ್ಕಳಿಗೆ 1960ರ ದಶಕದಲ್ಲಿ ಡಿಟ್ರಾಯಿಟ್‌ನ ಹಾಡು ಹುಚ್ಚು ಹಿಡಿಸಿತು. ಒಂದು ಕಾರ್ಖಾನೆ ಊರಿನ ಎದೆಬಡಿತ ಇನ್ನೊಂದು ಕಾರ್ಖಾನೆ ಊರಿಗೆ ಅರ್ಥವಾಯ್ತು ಅಂದುಕೊಳ್ಳಿ.

ಮ್ಯಾಂಚೆಸ್ಟರಿನಲ್ಲಿ 1963ರಲ್ಲಿ ಟ್ವಿಸ್ಟೆಡ್ ವೀಲ್ ಅನ್ನೋ ಕ್ಲಬ್ ಶುರುವಾಯ್ತು. ಶನಿವಾರ ರಾತ್ರಿಯಿಡೀ ಸೋಲ್ ಹಾಡು, ಕುಣಿತ. ಆದರೆ ದಶಕದ ಕೊನೆಗೆ ಅಮೆರಿಕದಲ್ಲಿ ಶೈಲಿ ಬದಲಾಯ್ತು. ತಾಳ ನಿಧಾನವಾಯ್ತು. ಲಂಡನ್ನಿನವರು ಹೊಸದರ ಹಿಂದೆ ಓಡಿದರು. ಉತ್ತರದವರು ಓಡಲಿಲ್ಲ. ‘ನಮಗೆ ಆ ಹಳೆಯ, ಬಿರುಸಾದ ಹಾಡೇ ಬೇಕು’ ಅಂತ ಪಟ್ಟು ಹಿಡಿದರು. ಲಂಡನ್ನಿನಲ್ಲಿ ಡೇವ್ ಗಾಡಿನ್ ಅನ್ನೋ ಪತ್ರಕರ್ತನ ರೆಕಾರ್ಡ್ ಅಂಗಡಿ ಇತ್ತು. ಫುಟ್‌ಬಾಲ್ ಪಂದ್ಯ ನೋಡಲು ಉತ್ತರದಿಂದ ಬಂದ ಹುಡುಗರು ಅವನ ಅಂಗಡಿಗೆ ನುಗ್ಗಿ ಹಳೆಯ ಪ್ಲೇಟುಗಳನ್ನೇ ಕೇಳೋರು. ಅವರಿಗೆ ಬೇಕಾದದ್ದಕ್ಕೆ ಅವನೇ ಒಂದು ಹೆಸರಿಟ್ಟ: ನಾರ್ದರ್ನ್ ಸೋಲ್. ಉತ್ತರದ ಸೋಲ್. 1970ರಲ್ಲಿ ಪತ್ರಿಕೆಯ ತನ್ನ ಅಂಕಣದಲ್ಲೂ ಅದನ್ನೇ ಬರೆದ. ಹೆಸರು ನಿಂತುಬಿಟ್ಟಿತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಹಾಡು ಉತ್ತರ ಇಂಗ್ಲೆಂಡಿನದಲ್ಲ. ಹಾಡಿದವರು ಅಲ್ಲಿಯವರಲ್ಲ. ಹಾಡು ಅಮೆರಿಕದ್ದು, ಕಪ್ಪು ಜನರದ್ದು. ಉತ್ತರದವರದ್ದು ಅಂತ ಇದ್ದದ್ದು ಆಯ್ಕೆ, ಕುಣಿತ ಮತ್ತು ನಿಷ್ಠೆ ಮಾತ್ರ. ಅಷ್ಟರಿಂದಲೇ ಒಂದು ಸಂಗೀತಕ್ಕೆ ಅವರ ಊರಿನ ಹೆಸರು ಬಂತು.

23 ಸೆಪ್ಟೆಂಬರ್ 1973. ವಿಗನ್ ಊರಿನ ಹಳೆಯ ನೃತ್ಯಶಾಲೆ, ವಿಗನ್ ಕ್ಯಾಸಿನೋ. ಹೆಸರು ಕೇಳಿ ಜೂಜು ಅಡ್ಡೆ ಅಂದುಕೊಳ್ಳಬೇಡಿ. ಜೂಜು ಇಲ್ಲ, ರಾತ್ರಿಯ ಕುಣಿತಕ್ಕೆ ಹೆಂಡವೂ ಇಲ್ಲ. ಬೆಳಗಿನ ಜಾವ 2 ಗಂಟೆಗೆ ಬಾಗಿಲು ತೆಗೆದರೆ, ನಿಲ್ಲುತ್ತಿದ್ದದ್ದು 8 ಗಂಟೆಗೆ. ದೂರದೂರದ ಊರುಗಳಿಂದ ರೈಲು, ಬಸ್ಸು ಹತ್ತಿ ಬರೋರು. ಕೈಯಲ್ಲೊಂದು ಬ್ಯಾಗು. ಅದರಲ್ಲಿ ಬದಲಿ ಬಟ್ಟೆ, ಟವೆಲ್, ಮುಖಕ್ಕೆ ಹಚ್ಚೋ ಪೌಡರು. ಪೌಡರು ಮುಖಕ್ಕಲ್ಲ ಸ್ವಾಮಿ, ನೆಲಕ್ಕೆ! ಮರದ ನೆಲದ ಮೇಲೆ ಉದುರಿಸಿದರೆ ಚಪ್ಪಲಿಯ ಅಟ್ಟೆ ಜಾರುತ್ತೆ, ಗಿರಗಿರ ತಿರುಗಬಹುದು. ಅಗಲವಾದ ಪ್ಯಾಂಟು, ಬನಿಯನ್ನು, ಹಿಮ್ಮುಖವಾಗಿ ನೆಲಕ್ಕೆ ಬಿದ್ದು ಪುಟಿದೇಳುವ ವರಸೆಗಳು. ಜೋಡಿ ಬೇಕಿಲ್ಲ. ಒಬ್ಬೊಬ್ಬರೇ ಕುಣಿಯೋದು. ಒಳ್ಳೆಯ ಹಾಡು ಬಂದು ಮುಗಿದರೆ ಇಡೀ ಸಭಾಂಗಣ ಚಪ್ಪಾಳೆ ತಟ್ಟುತ್ತಿತ್ತು. ಯಾರಿಗೆ? ಪ್ಲೇಟಿಗೆ!

ಎಲ್ಲವೂ ಚಂದ ಇತ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ನಿದ್ದೆಗೆಡಲು ಮಾತ್ರೆ ನುಂಗುವವರಿದ್ದರು. ಆ ಮಾದಕ ಮಾತ್ರೆಗಳ ಕಾರಣಕ್ಕೆ ಪೊಲೀಸರ ಕಣ್ಣು ಬಿತ್ತು, ಕೆಲವು ಕ್ಲಬ್ಬುಗಳು ಬಾಗಿಲು ಹಾಕಿದವು. ಇತಿಹಾಸ ಹೇಳುವಾಗ ಅದನ್ನೂ ಹೇಳಬೇಕು.

ಈಗ ಮುಖ್ಯ ಪಾತ್ರಧಾರಿಗೆ ಬರೋಣ. ಡಿಜೆ. ಆ ಕುಣಿತದ ನಿಯಮವೇ ವಿಚಿತ್ರ: ಎಲ್ಲರಿಗೂ ಗೊತ್ತಿರುವ ಜನಪ್ರಿಯ ಹಾಡು ಹಾಕಿದರೆ ಮರ್ಯಾದೆ ಇಲ್ಲ. ಯಾರೂ ಕೇಳಿರದ, ಅಮೆರಿಕದಲ್ಲೇ ಓಡದ, ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ ಹಾಡು ಹುಡುಕಿ ತಂದವನಿಗೆ ಗೌರವ. ಹಾಗಾಗಿ ಡಿಜೆ ಅಂದರೆ ಸಂಗ್ರಾಹಕ. ಬ್ಲ್ಯಾಕ್‌ಪೂಲ್‌ನ ಇಯಾನ್ ಲೆವಿನ್ ಮನೆಯವರ ಜೊತೆ ಅಮೆರಿಕಕ್ಕೆ ಪ್ರವಾಸ ಹೋದಾಗ ಮಯಾಮಿಯಲ್ಲಿ ಸಾವಿರಗಟ್ಟಲೆ ಹಳೆಯ ಪ್ಲೇಟು ಕೊಂಡು ತಂದ. ರಿಚರ್ಡ್ ಸರ್ಲಿಂಗ್ 1973ರಲ್ಲಿ ಅಮೆರಿಕದಿಂದ ಗ್ಲೋರಿಯಾ ಜೋನ್ಸ್ ಹಾಡಿದ ಒಂದು ಪ್ಲೇಟು ತಂದ. ಅವಳ ‘ಟೇಂಟೆಡ್ ಲವ್’ 1965ರಲ್ಲಿ ಪ್ಲೇಟಿನ ಹಿಂಬದಿಯ ಹಾಡಾಗಿ ಬಂದು ಸೋತಿತ್ತು. ಉತ್ತರದ ಕುಣಿತದವರು ಅದನ್ನು ತಲೆ ಮೇಲೆ ಹೊತ್ತರು. 1981ರಲ್ಲಿ ಸಾಫ್ಟ್ ಸೆಲ್ ತಂಡ ಅದೇ ಹಾಡನ್ನು ಮತ್ತೆ ಹಾಡಿದಾಗ ಬ್ರಿಟನ್ನಿನಲ್ಲಿ ನಂಬರ್ 1!

ಎದುರಾಳಿ ಡಿಜೆಗಳು ಹಾಡಿನ ಗುಟ್ಟು ಕದಿಯದಂತೆ ಒಂದು ಉಪಾಯ ಮಾಡ್ತಿದ್ದರು. ಪ್ಲೇಟಿನ ಲೇಬಲ್ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಹೇಳೋದು. ಫ್ರಾಂಕ್ ವಿಲ್ಸನ್ ಹಾಡೂ ವಿಗನ್‌ನಲ್ಲಿ ಮೊದಲು ಕೇಳಿಸಿದ್ದು ಎಡ್ಡಿ ಫಾಸ್ಟರ್ ಅನ್ನೋ ಬೇರೆ ಹೆಸರಿನಲ್ಲಿ. ಜನ ಒಬ್ಬನ ಹಾಡಿಗೆ ಕುಣಿದು ಇನ್ನೊಬ್ಬನ ಹೆಸರಿಗೆ ಚಪ್ಪಾಳೆ ತಟ್ಟಿದರು. ಸಂಗ್ರಾಹಕನ ಪ್ರೀತಿಗೂ ಸಂಗ್ರಾಹಕನ ಸ್ವಾರ್ಥಕ್ಕೂ ಇರೋದು ಒಂದು ಕಾಗದದ ಅಂತರ. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

ಸರಿ. ಶಿವಮೊಗ್ಗಕ್ಕೂ ಇದಕ್ಕೂ ಏನು ಸಂಬಂಧ?

ಶಿವಮೊಗ್ಗ ಪೇಟೆ ಬಿಟ್ಟು ತುಂಗಾ ಸೇತುವೆ ದಾಟಿದರೆ ವಿದ್ಯಾನಗರ. ಸಹ್ಯಾದ್ರಿ ಕಾಲೇಜು ಇರೋ ಜಾಗ. ಅದೇ ಬಿ.ಎಚ್. ರಸ್ತೆ ಹಿಡಿದು ಮುಂದೆ ಹೋದರೆ ಭದ್ರಾವತಿ. ಅದು ನಮ್ಮ ವಿಗನ್. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಾಗಿ 1918ರಲ್ಲಿ ಆರಂಭಗೊಂಡ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಬಂದ ಕಾಗದದ ಕಾರ್ಖಾನೆ. ಎರಡರ ಸುತ್ತ ಬೆಳೆದ ಊರು. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಎಲ್ಲವೂ ಒಂದೇ ಪಾಳಿಯಲ್ಲಿ ದುಡಿದ ಊರು. ಅಲ್ಲೇ ಆಕಾಶವಾಣಿ ಕೇಂದ್ರ. ಭದ್ರಾವತಿ ಸ್ಟೇಷನ್ ಅಂದರೆ ಮಲೆನಾಡಿನ ಮನೆಮನೆಯ ರೇಡಿಯೋ.

ಇಂಥ ಊರುಗಳಲ್ಲಿ ನಮ್ಮ ಡಿಜೆ ಯಾರು? ಮೈಕ್ ಸೆಟ್ಟಿನವರು! ಇವತ್ತಿನ ಹುಡುಗರಿಗೆ ಗೊತ್ತಿಲ್ಲದೇ ಇರಬಹುದು. ಕ್ಯಾಸೆಟ್ ಬರುವ ಮೊದಲು ಮದುವೆ, ಜಾತ್ರೆ, ಗಣಪತಿ ಪೆಂಡಾಲು, ಆಯುಧಪೂಜೆ, ಯಾವುದೇ ಇರಲಿ, ಮೈಕ್ ಸೆಟ್ ಬಾಡಿಗೆಗೆ ತರಿಸಬೇಕಿತ್ತು. ಒಂದು ಆಂಪ್ಲಿಫೈಯರ್, ಕರೆಂಟ್ ಹೋದರೆ ಇರಲಿ ಅಂತ ಬ್ಯಾಟರಿ, ತೆಂಗಿನ ಮರಕ್ಕೋ ಕಂಬಕ್ಕೋ ಕಟ್ಟೋ ಹಾರ್ನ್, ತಿರುಗೋ ಪ್ಲೇಯರ್. ಎಲ್ಲಕ್ಕಿಂತ ಮುಖ್ಯವಾಗಿ ಪ್ಲೇಟುಗಳ ಪೆಟ್ಟಿಗೆ. ಆ ಪೆಟ್ಟಿಗೆಯೇ ಅವರ ಬಂಡವಾಳ. ಯಾರ ಹತ್ತಿರ ಹೊಸ ರಾಜ್‌ಕುಮಾರ್ ಚಿತ್ರದ ಪ್ಲೇಟು ಇದೆಯೋ ಅವರಿಗೆ ಬೇಡಿಕೆ. ಯಾವ ಹೊತ್ತಿಗೆ ಯಾವ ಹಾಡು ಅನ್ನೋ ಲೆಕ್ಕವೂ ಅವರದ್ದೇ. ಬೆಳಿಗ್ಗೆ ದೇವರ ನಾಮ. ಮದುಮಗಳು ಹೊರಡುವಾಗ ಕಣ್ಣೀರಿನ ಹಾಡು. ರಾತ್ರಿ ಹುಡುಗರು ಸೇರಿದ ಮೇಲೆ ಕುಣಿಸೋ ಹಾಡು. ಟೆಂಟ್ ಸಿನಿಮಾದವರದ್ದೂ ಇದೇ ಪದ್ಧತಿ. ಹಾರ್ನ್‌ನಲ್ಲಿ ಘಂಟಸಾಲ ಅವರ ಭಕ್ತಿಗೀತೆ ಬಂತು ಅಂದರೆ ಆಟ ಶುರು ಅಂತ ಅರ್ಥ. ಊರಾಚೆ ಗದ್ದೆಯಲ್ಲಿದ್ದವನೂ ಓಡಿ ಬರ್ತಿದ್ದ.

ಕುಣಿತವೂ ಇತ್ತು. ಅದಕ್ಕೆ ನಮ್ಮ ಜನ ಇಟ್ಟ ಹೆಸರೇ ರೆಕಾರ್ಡ್ ಡ್ಯಾನ್ಸ್! ಶಾಲಾ ವಾರ್ಷಿಕೋತ್ಸವದ ರೆಕಾರ್ಡ್ ಡ್ಯಾನ್ಸ್, ಗಣಪತಿ ಪೆಂಡಾಲಿನ ರೆಕಾರ್ಡ್ ಡ್ಯಾನ್ಸ್. ಆಂಧ್ರದ ಕಡೆಯ ಜಾತ್ರೆಗಳಲ್ಲಿ ಅದು ಅಶ್ಲೀಲ ಅನ್ನೋ ಅಪಖ್ಯಾತಿ ಪಡೆದದ್ದರಿಂದ ಆ ಹೆಸರು ಕೇಳಿದರೆ ಮೂಗು ಮುರಿಯೋರು ಇವತ್ತೂ ಇದ್ದಾರೆ. ಆದರೆ ಹೆಸರಿನಲ್ಲಿರೋ ಸತ್ಯ ನೋಡಿ. ಹಾಡುಗಾರ ಎದುರಿಗಿಲ್ಲ, ವಾದ್ಯದವರಿಲ್ಲ, ಪ್ಲೇಟು ತಿರುಗುತ್ತೆ, ಮನುಷ್ಯ ಕುಣಿಯುತ್ತಾನೆ. ವಿಗನ್‌ನಲ್ಲಿ ನಡೆದದ್ದು ಇದೇ ಅಲ್ವಾ?

ನಮ್ಮ ಭಾಷೆಯೇ ಸಾಕ್ಷಿ ಹೇಳುತ್ತೆ. ರಾಜಕಾರಣಿ ನಿನ್ನೆ ಒಂದು, ಇವತ್ತು ಇನ್ನೊಂದು ಹೇಳಿದರೆ ‘ಪ್ಲೇಟು ಬದಲಾಯಿಸಿದ’ ಅಂತೀವಿ. ಪ್ಲೇಟು ಬದಲಾಯಿಸೋದನ್ನು ಕಣ್ಣಾರೆ ಕಂಡ ಜನ ಮಾತ್ರ ಹಾಗೆ ಹೇಳೋಕೆ ಸಾಧ್ಯ. ವಸ್ತು ಗುಜರಿಗೆ ಹೋಯ್ತು, ನುಡಿಗಟ್ಟು ನಾಲಿಗೆಯಲ್ಲಿ ಉಳಿಯಿತು.

ಇವತ್ತು ಡಿಜೆ ಅನ್ನೋ ಪದ ನಮ್ಮ ನ್ಯೂಸ್ ಚಾನೆಲ್‌ಗಳಲ್ಲಿ ಯಾವಾಗ ಬರುತ್ತೆ ಹೇಳಿ? ಗಣಪತಿ ಹಬ್ಬದಲ್ಲಿ. ‘ಡಿಜೆಗೆ ಅನುಮತಿ ಇಲ್ಲ’, ‘ಡಿಜೆ ಬೇಕೇ ಬೇಕು’. ನಮ್ಮಲ್ಲಿ ಡಿಜೆ ಅಂದರೆ ಮನುಷ್ಯನೇ ಅಲ್ಲ, ಲಾರಿ ಮೇಲೆ ಗೋಡೆಯ ಹಾಗೆ ಪೇರಿಸಿದ ಸ್ಪೀಕರ್. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ. ನಿಯಮ ಸರಿಯಾಗಿಯೇ ಇದೆ. ಆಸ್ಪತ್ರೆಯಲ್ಲಿ ಮಲಗಿದವರಿಗೆ, ಓದೋ ಮಕ್ಕಳಿಗೆ ನಿದ್ದೆ ಬೇಕು. ನಾನು ಕೇಳೋದು ಬೇರೆ ಪ್ರಶ್ನೆ. ಎಷ್ಟು ಜೋರು ಅನ್ನೋದರ ಬಗ್ಗೆ ಇಷ್ಟೊಂದು ಚರ್ಚೆ ಮಾಡೋ ನಾವು, ಯಾವ ಹಾಡು, ಯಾರ ಹಾಡು, ಅದು ಎಲ್ಲಿಂದ ಬಂತು ಅಂತ ಒಂದು ದಿನವಾದರೂ ಕೇಳಿದ್ದೀವಾ?

ಕೇಳದೇ ಇದ್ದರೆ ಏನಾಗುತ್ತೆ? ಉದಾಹರಣೆ ಕಣ್ಣ ಮುಂದೆ ಇದೆ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’, ಕನ್ನಡದ ಮೊದಲ ಟಾಕಿ ಚಿತ್ರ. ಅದರ ಒಂದೇ ಒಂದು ಪ್ರತಿ ಇವತ್ತು ನಮ್ಮ ಕೈಯಲ್ಲಿಲ್ಲ. ಕನ್ನಡ ಸಿನಿಮಾ ಮಾತಾಡಿದ ಮೊದಲ ಧ್ವನಿಯನ್ನೇ ಕಳೆದುಕೊಂಡ ಜನ ನಾವು! ಪ್ಲೇಟುಗಳ ಗತಿಯೂ ಅದೇ ಆಗಬೇಕಾ?

ಭಾರತದ ಪ್ಲೇಟಿನ ಚರಿತ್ರೆ ಸಣ್ಣದಲ್ಲ. 1902ರ ನವೆಂಬರ್‌ನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ್ದು ನಮ್ಮ ನೆಲದ ಮೊದಮೊದಲ ಧ್ವನಿಮುದ್ರಣಗಳಲ್ಲಿ ಒಂದು. ಕೋಟ್ಯಂತರ ಜನರ ಮನಸ್ಸು ಗೆದ್ದ ಆ ತಾಯಿ ಕೊನೆಗಾಲದಲ್ಲಿ ಆಶ್ರಯ ಪಡೆದದ್ದು ಮೈಸೂರು ಸಂಸ್ಥಾನದಲ್ಲಿ. 17 ಜನವರಿ 1930ರಂದು ಕಣ್ಣು ಮುಚ್ಚಿದ್ದೂ ಮೈಸೂರಿನಲ್ಲೇ. ಅವರ ಬದುಕನ್ನು ಹುಡುಕುತ್ತಾ ಹೋದ ಬೆಂಗಳೂರಿನ ಇತಿಹಾಸಕಾರ ವಿಕ್ರಂ ಸಂಪತ್, ಮುಂದೆ ಹಳೆಯ ಪ್ಲೇಟುಗಳನ್ನು ಕಲೆಹಾಕಿ ಡಿಜಿಟಲ್ ಮಾಡುವ ಸಂಸ್ಥೆಯನ್ನೇ ಕಟ್ಟಿದರು. ಹಳೆಯ 78 ಆರ್‌ಪಿಎಂ ಪ್ಲೇಟು ತಯಾರಾಗುತ್ತಿದ್ದದ್ದು ಅರಗಿನಿಂದ, ಆ ಅರಗು ಬಹುಪಾಲು ಹೋಗುತ್ತಿದ್ದದ್ದು ಭಾರತದ ಕಾಡುಗಳಿಂದ. ಪ್ರಪಂಚದ ಹಾಡಿಗೆ ಮೈ ಕೊಟ್ಟವರು ನಾವು. ನಮ್ಮ ಹಾಡನ್ನೇ ಕಾಪಾಡಿಕೊಳ್ಳೋಕೆ ಏನು ಕಷ್ಟ?

ಕನ್ನಡದಲ್ಲಿ ಪಿ. ಕಾಳಿಂಗರಾಯರು ಕವಿತೆಯನ್ನು ಪ್ಲೇಟಿಗೆ ತಂದು ಮನೆಮನೆಗೆ ಮುಟ್ಟಿಸಿದರು. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದ್ದು, ಸಂಗೀತ ಮೈಸೂರು ಅನಂತಸ್ವಾಮಿ ಅವರದ್ದು. ಆ ನಿಸಾರ್ ಅಹಮದ್ ಮೇಷ್ಟ್ರಾಗಿ ಪಾಠ ಮಾಡಿದ್ದು ಇದೇ ಸಹ್ಯಾದ್ರಿ ಕಾಲೇಜಿನಲ್ಲಿ. ‘ಕಾಡು ಕುದುರೆ’ ಚಿತ್ರದ ಹಾಡಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲು ತಂದವರು ಶಿವಮೊಗ್ಗ ಸುಬ್ಬಣ್ಣ. ಹೆಸರಿನಲ್ಲೇ ಊರಿದೆ. ಹಾಡಿನ ವಿಷಯದಲ್ಲಿ ಈ ಊರು ಬಡವಲ್ಲ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಯೋಜನೆ, ನೂರು ಕೋಟಿ ಅನುದಾನ ಅಂತ ನಾನು ಕೇಳ್ತಿಲ್ಲ. ಶಿವಮೊಗ್ಗದಲ್ಲಿ, ಭದ್ರಾವತಿಯಲ್ಲಿ ಹಳೆಯ ಮೈಕ್ ಸೆಟ್ ಮನೆತನಗಳಿವೆ. ಅಜ್ಜ ಕಟ್ಟಿದ ಪೆಟ್ಟಿಗೆ ಅಟ್ಟದ ಮೇಲಿರುತ್ತೆ. ಮನೆ ರಿಪೇರಿ ಬಂದಾಗ ಅದು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತೆ. ಅದನ್ನು ತಡೆಯಿರಿ, ಅಷ್ಟೇ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಅರಗಿನ ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತೆ. ಎಲ್‌ಪಿ ಮುಳ್ಳಿನಲ್ಲಿ 78ರ ಪ್ಲೇಟು ನುಡಿಸಬೇಡಿ, ಅದಕ್ಕೆ ಬೇರೆ ಮುಳ್ಳು ಬೇಕು.

ಕಾನೂನಿನ ಭಯ ಬೇಡ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಆಮೇಲೆ ಆ ಧ್ವನಿ ಸಾರ್ವಜನಿಕರ ಸೊತ್ತು. ಹಾಡಿನ ಸಾಹಿತ್ಯ, ಸಂಗೀತ ಸಂಯೋಜನೆಗೆ ಮಾತ್ರ ಬೇರೆ ಲೆಕ್ಕ: ಬರೆದವರು ತೀರಿಕೊಂಡ ಮೇಲೆ 60 ವರ್ಷ. ಇದನ್ನು ತಿಳಿದುಕೊಂಡು ಒಂದು ಕಾಲೇಜು, ಒಂದು ಗ್ರಂಥಾಲಯ ಮನಸ್ಸು ಮಾಡಿದರೆ ಸಾಕು. ವಿದ್ಯಾನಗರ ಅನ್ನೋ ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ಈ ವಿದ್ಯೆಗೆ ಒಂದು ಕೋಣೆ ಸಿಗಲ್ವಾ?

ಆದರೆ ಒಂದು ಎಚ್ಚರಿಕೆ. ಲೇಬಲ್ ಮೇಲೆ ಕಾಗದ ಅಂಟಿಸಿದ ಡಿಜೆಗಳು ನೆನಪಿದ್ದಾರಲ್ಲ? ನಮ್ಮಲ್ಲೂ ಅಂಥ ಸಂಗ್ರಾಹಕರಿದ್ದಾರೆ. ‘ನನ್ನ ಹತ್ತಿರ ಇದೆ, ಬೇರೆಯವರ ಹತ್ತಿರ ಇಲ್ಲ’ ಅನ್ನೋದೇ ಅವರ ಸುಖ. ಬೀರುವಿನಲ್ಲಿ ಬೀಗ ಹಾಕಿಟ್ಟ ಹಾಡು ಗುಜರಿಗೆ ಹೋದ ಹಾಡಿಗಿಂತ ಹೆಚ್ಚೇನೂ ಬದುಕಿಲ್ಲ. ವಿಗನ್‌ನವರ ದೊಡ್ಡಸ್ತಿಕೆ ಇರೋದು ಪ್ಲೇಟು ಕೊಂಡಿದ್ದರಲ್ಲಿ ಅಲ್ಲ. ಸಾವಿರ ಜನರ ಮುಂದೆ ಅದನ್ನು ನುಡಿಸಿದ್ದರಲ್ಲಿ. ಅಮೆರಿಕ ಮರೆತ ಗಾಯಕರನ್ನು ಹುಡುಕಿ, ಕರೆಸಿ, ವೇದಿಕೆ ಕೊಟ್ಟಿದ್ದರಲ್ಲಿ. ಎಡ್ವಿನ್ ಸ್ಟಾರ್ ಅನ್ನೋ ಗಾಯಕರಂತೂ ಇಂಗ್ಲೆಂಡಿನಲ್ಲೇ ನೆಲೆ ನಿಂತು, 2003ರಲ್ಲಿ ಅಲ್ಲೇ ತೀರಿಕೊಂಡರು.

ವಿಗನ್ ಕ್ಯಾಸಿನೋ 6 ಡಿಸೆಂಬರ್ 1981ಕ್ಕೆ ಬಾಗಿಲು ಹಾಕಿತು. ಕೊನೆಯ ಹಾಡುಗಳೆಲ್ಲ ಮುಗಿದರೂ ಜನ ಹೊರಗೆ ಹೋಗಲಿಲ್ಲ. ಆಗ ಇನ್ನೊಂದು ಪ್ಲೇಟು ಹಾಕಿದರು. ಯಾವುದು ಗೊತ್ತಾ? ಫ್ರಾಂಕ್ ವಿಲ್ಸನ್ ಹಾಡು. ಮುಂದೆ ಆ ಕಟ್ಟಡಕ್ಕೆ ಬೆಂಕಿ ಬಿತ್ತು, ಕೆಡವಿದರು. ಗಣಿಗಳು ಮುಚ್ಚಿದವು, ಗಿರಣಿಗಳು ಮುಚ್ಚಿದವು. ಆದರೆ ಅವತ್ತು ಕುಣಿದವರು ಇವತ್ತು ಅಜ್ಜ ಅಜ್ಜಿಯರಾಗಿ ಮೊಮ್ಮಕ್ಕಳ ವಯಸ್ಸಿನವರ ಜೊತೆ ಅದೇ ಹಾಡುಗಳಿಗೆ ಕುಣೀತಿದ್ದಾರೆ.

ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಬೀದಿಗೆ ಬಂದರು. ಆ ಹೋರಾಟ ಅನ್ನದ್ದು, ಅದಕ್ಕೆ ಮೊದಲ ಸ್ಥಾನ. ಪ್ಲೇಟು ಕೆಲಸ ಕೊಡಲ್ಲ, ಸಂಬಳ ಕೊಡಲ್ಲ. ಆದರೆ ಒಂದು ಊರು ದುಡಿದದ್ದಕ್ಕೆ ಕಾರ್ಖಾನೆಯ ದಾಖಲೆ ಇರುತ್ತೆ. ನಕ್ಕಿದ್ದಕ್ಕೆ, ಕುಣಿದದ್ದಕ್ಕೆ ದಾಖಲೆ ಎಲ್ಲಿದೆ?

ಅಟ್ಟದ ಮೇಲಿದೆ. ಈ ಭಾನುವಾರ ಏಣಿ ಹಾಕಿ ಹತ್ತಿ ನೋಡಿ. ನಾಯಿ ಚಿತ್ರದ ಪ್ಲೇಟು ಸಿಕ್ಕರೆ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಕೇಳಿ: ಇದನ್ನು ಯಾರ ಮದುವೆಗೆ ಹಾಕಿದ್ರಿ? ಯಾವ ಗಣಪತಿಗೆ ಹಾಕಿದ್ರಿ? ಯಾರು ಕುಣಿದ್ರು? ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಪ್ಲೇಟಿನ ಕವರ್ ಒಳಗೆ ಇಟ್ಟುಬಿಡಿ. ಲೇಬಲ್ ಮೇಲೆ ಮಾತ್ರ ಅಂಟಿಸಬೇಡಿ.